ಸಾಕೆಂದರೂ ಬಡಿಸಿದ ಕರೆಂಟು

“ನೋಡ್ರಿ ಗೌಡ್ರ, ಇದು ಉಪಚಾರಿ!” ಎಂದು ಮೌನೇಶ ಪತ್ತಾರ ಎದೆಯುಬ್ಬಿಸಿ ನಿಂತ. ಟೇಬಲ್ಲಿನ ಮೇಲೆ ಹಳೆಯ ರೇಡಿಯೋ, ಎರಡು ಸೌಟು, ಒಂದು ರಾಶಿ ವಾಯರು.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವನದು ವೆಲ್ಡಿಂಗ್ ಅಂಗಡಿ, ಪಕ್ಕದ್ದು ನನ್ನ ಹಿಟ್ಟಿನ ಗಿರಣಿ. ಗಿರಣಿಯ ಕಾಲು ಮುರಿದು ಆರು ದಿನವಾಗಿತ್ತು. ಜೋಳದ ಡಬ್ಬಿ ಹಿಡಿದು ಬಂದವರೆಲ್ಲ ನನ್ನನ್ನು ಬೈದು ಹೋಗುತ್ತಿದ್ದರು. ಕೊನೆಗೆ ಗಿರಣಿಯನ್ನೇ ಇವನಲ್ಲಿಗೆ ತಳ್ಳಿಕೊಂಡು ಬಂದೆ. ಇವನ ಹೊಸ ವೆಲ್ಡಿಂಗ್ ಮಶಿನ್ ಇವನದೇ ಹಿಂದಿನ ಸಂಶೋಧನೆಯಲ್ಲಿ ಸುಟ್ಟುಹೋಗಿತ್ತು. ಉಳಿದದ್ದು ಅಪ್ಪನ ಕಾಲದ್ದು. ಅದಕ್ಕೆ ಮನೆಯ ಇನ್ನೂರಿಪ್ಪತ್ತು ವೋಲ್ಟ್ ಸಾಕೋ, ಕಾರ್ಖಾನೆಯ ನಾನೂರನಲವತ್ತು ಬೇಕೋ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳುವ ತಗಡಿನ ಪಟ್ಟಿಗೆ ಮೂವತ್ತು ಆಯುಧಪೂಜೆಗಳ ಹಸಿರು ಬಣ್ಣ ಬಳಿದಿದ್ದರು.

“ಬಣ್ಣ ಕೆರದ್ರ ಆತಲ್ಲೋ!” ಎಂದೆ.

“ಪೂಜಿ ಮಾಡಿದ್ದನ್ನ ಕೆರೀತಾರೇನ್ರಿ?” ಎಂದು ಅವನ ತಾಯಿ ಸಾವಂತ್ರೆವ್ವ ಗದರಿದರು.

ಉಪಚಾರಿ ಸ್ವಲ್ಪ ಸ್ವಲ್ಪವೇ ಕರೆಂಟು ಬಡಿಸುತ್ತದಂತೆ. ಮಶಿನ್ನಿನ ಸದ್ದು ಆಲಿಸಿ ಹೊಟ್ಟೆ ತುಂಬಿತೋ ಇಲ್ಲವೋ ಹೇಳುತ್ತದಂತೆ. ಬಡಿಸುವ ರೀತಿಯನ್ನು ಮೌನೇಶ ಅದಕ್ಕೆ ತಾಯಿಯಿಂದಲೇ ಕಲಿಸಿದ್ದ, ದನಿಯೂ ಅವರದೇ. ನನಗೆ ಆಗಲೇ ಭಯವಾಯಿತು. ಸಾವಂತ್ರೆವ್ವನ ಪಂಕ್ತಿಯಲ್ಲಿ ಉಂಡವನು ನಾನು.

ಉಪಚಾರಿಯ ವಾಯರನ್ನು ಹಳೆಯ ಮಶಿನ್ನಿಗೆ ಜೋಡಿಸಿ, ಮಶಿನ್ನಿನ ಕ್ಲಿಪ್ಪನ್ನು ಗಿರಣಿಯ ಕಾಲಿಗೆ ಸಿಕ್ಕಿಸಿ ಮೌನೇಶ ಗುಂಡಿ ಒತ್ತಿದ. ನೂರು... ಇನ್ನೂರು... ಇನ್ನೂರಿಪ್ಪತ್ತಕ್ಕೆ ದೀಪ ಹತ್ತಿತು.

“ಸಾಕಂತ,” ಎಂದಿತು ಉಪಚಾರಿ.

“ಹಂಗಾರ ಬಂದ್ ಮಾಡೋ!” ಎಂದೆ.

“ನಾಚ್ಕೋಬ್ಯಾಡ್ರಿ, ಇನ್ನೊಂದೀಟ!” ಎಂದು ಉಪಚಾರಿ ಮುನ್ನೂರು ಸುರಿಯಿತು.

“ಸಾಕಂದ್ರೂ ಹಾಕಾಕತ್ತೈತಲ್ಲೋ!”

“ಮೊದಲ್ನೇ ಸಾಕು ಯಾರ್ ಕೇಳ್ತಾರ್ರಿ? ಅದು ಮರ್ಯಾದಿ ಮಾತು,” ಎಂದರು ಸಾವಂತ್ರೆವ್ವ.

“ಎರಡ್ನೇದು?”

“ಅದೂ ಅಷ್ಟ.”

ಓಣಿಯ ಫ್ಯಾನುಗಳೆಲ್ಲ ನಿಂತವು. ಎದುರಂಗಡಿಯ ಐಸ್‌ಕ್ರೀಮು ಕರಗಿ ಗಟಾರ ಸೇರಿತು. ಎಲ್ಲರ ಕರೆಂಟನ್ನೂ ಎಳೆದುಕೊಂಡ ಉಪಚಾರಿ “ನನ್ನಾಣಿ ಐತಿ, ಒಂದ ತುತ್ತು!” ಎಂದು ಒಂಬೈನೂರಕ್ಕೆ ಏರಿತು. ಬಂದ್ ಮಾಡಲು ಮೌನೇಶ ಗುಂಡಿ ಒತ್ತಿ ಒತ್ತಿ ಸೋತ.

“ತಡ್ಯೋ ಮೌನ್ಯಾ, ಮಜ್ಜಿಗಿ ಅನ್ನ ಉಳದೈತಿ!” ಎಂದು ಅವನಿಗೂ ಗದರಿತು ಅದು.

ಢಂ!

ಹೊಗೆ ಇಳಿದಾಗ ಮೂವತ್ತು ಪದರ ಬಣ್ಣ ಹಪ್ಪಳದ ಹಾಗೆ ಉದುರಿತ್ತು. ಪಟ್ಟಿಯ ಮೇಲೆ ಸ್ಪಷ್ಟವಾಗಿ ಕಾಣಿಸುತ್ತಿತ್ತು: ಇನ್ನೂರಿಪ್ಪತ್ತು ವೋಲ್ಟ್.

“ನೋಡ್ರಿ, ಉಪಚಾರಿ ಖರೇನ ಹೇಳಿತ್ತು!” ಎಂದ ಮೌನೇಶ. ಅವನ ಹುಬ್ಬು ಸುಟ್ಟಿತ್ತು.

ನನ್ನ ಗಿರಣಿಯ ಕಾಲೂ ಕೂಡಿಕೊಂಡಿತ್ತು, ವೆಲ್ಡಿಂಗ್ ಮಶಿನ್ನಿನ ಜೊತೆ! ಯಾರು ಬಡಿದರೂ ಬಿಡಲಿಲ್ಲ. ಈಗ ಗಿರಣಿ ಅವನ ಅಂಗಡಿಯಲ್ಲೇ ಓಡುತ್ತದೆ. ಹಿಟ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದೆ ಎಂದು ಮೌನೇಶ ಗಿರಾಕಿಗಳಿಗೆ ಹೇಳುತ್ತಾನೆ.

ನಾಳೆ ಆಯುಧಪೂಜೆ. ಎರಡಕ್ಕೂ ಸೇರಿಸಿ ಬಳಿಯಲು ಹಸಿರು ಬಣ್ಣ ತಂದಿಟ್ಟಿದ್ದಾನೆ. ಗಿರಣಿಯ ಪಟ್ಟಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ನಾನು ಇವತ್ತೇ ಬರೆದಿಟ್ಟುಕೊಂಡೆ.