ಜರ್ಮನಿಯ ಮನೆ ನೋಡಲು ಹೋದದ್ದು

ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಕಂಪ್ಯೂಟರೂ ಇಂಟರ್ನೆಟ್ಟೂ ಬಂದ ಮೇಲೆ, ಪ್ರಪಂಚದ ಯಾವ ದೇಶದಲ್ಲಿ ಏನು ಕೊರತೆಯಿದೆ ಎಂಬುದು ಕೊಳಾಲ ಹೋಬಳಿಗೆ ಒಂದೊಂದಾಗಿ ತಿಳಿದುಬರುತ್ತಿದೆ. ಅಲ್ಲಿ ಗ್ರಂಥಪಾಲಕನಾಗಿರುವ ನನಗೆ ಆಶ್ಚರ್ಯಪಡುವ ಅಭ್ಯಾಸ ತಪ್ಪಿಹೋಗಿದೆ. ಈ ವರ್ಷ ಜರ್ಮನಿಯ ಸರದಿ.

ಬರಿಗೈಲಿ ಹೋಗಬಾರದು

ನಮ್ಮೂರಿನ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ, ಜರ್ಮನ್ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಿದಳು. ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಬರುತ್ತಾಳೋ ಇಲ್ಲವೋ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು. ಊರು ನೋಡದೆ ಕಳಿಸುವುದಿಲ್ಲ ಎಂದು ಅವಳ ಅಮ್ಮ ಕೂತುಬಿಟ್ಟರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ನಾಲ್ಕು ಜನ ಹೋಗಿ ಗಂಡಿನ ಮನೆ ನೋಡಿ ಬರುವುದು ಪದ್ಧತಿ.

“ಅಮ್ಮ, ನಾನು ಮದ್ವೆಯಾಗಿ ಹೋಗ್ತಿಲ್ಲ, ಡ್ಯೂಟಿಗೆ ಹೋಗ್ತಿದೀನಿ.”

“ಯಾವ್ದುಕ್ಕಾದ್ರೂ ಹೋಗು. ನೀರು ಹೆಂಗೈತೆ, ಜನ ಹೆಂಗವ್ರೆ ನೋಡ್ದೆ ಕಳ್ಸಕ್ಕಾಯ್ತದಾ?”

ಕಳಿಸುವುದೋ ಬಿಡುವುದೋ ಎಂಬ ತೀರ್ಮಾನ ಮದಲೂರಿನ ಸೋದರಮಾವನದು. ಹುಡುಗಿಗೆ ಅಪ್ಪ ಇದ್ದಾರೆ. ಆದರೆ ಇಂಥ ವಿಷಯಗಳಲ್ಲಿ ಅವರನ್ನು ಕೇಳುವ ಪದ್ಧತಿಯಿಲ್ಲ.

ಆ ಊರನ್ನು ಲೈಬ್ರರಿಯಲ್ಲೇ ನೋಡಬಹುದು ಎಂದು ಹುಡುಗಿ ಉಪಾಯ ಹೇಳಿದಳು. ರಾಹುಕಾಲ ಕಳೆಯುವುದನ್ನು ಕಾದು ಎಲ್ಲರೂ ಬಂದರು. ಸೋದರಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಎಲೆ ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ತೆಗೆದು ಕಂಪ್ಯೂಟರ್ ಮುಂದಿಟ್ಟರು.

“ಇದೆಲ್ಲ ಯಾಕೆ ಮಾವ?” ಎಂದಳು ಹುಡುಗಿ.

“ಬರಿಗೈಲಿ ಹೋಗ್ತಾರೇನಮ್ಮ ಯಾರಾದ್ರೂವೆ?”

ಆಮೇಲೆ, ಅದನ್ನು ಯಾರ ಕೈಗೆ ಕೊಡುವುದು ಎಂದು ಸುತ್ತ ನೋಡಿದರು. ಕೊನೆಗೆ ಜರ್ಮನಿಯ ಪರವಾಗಿ ನಾನು ಸ್ವೀಕರಿಸಿದೆ.

ಖಾಲಿ ಬೀದಿ

ಬೀದಿಯಲ್ಲಿ ನಡೆದುಕೊಂಡೇ ಹೋದಂತೆ ತೋರಿಸುವ ನಕ್ಷೆಯೊಂದಿದೆ. ಅದನ್ನು ತೆರೆದು ಆ ಊರಿನ ಮುಖ್ಯ ಬೀದಿಗೆ ಇಳಿಸಿದೆ. ಗುಡಿಸಿದಂಥ ರಸ್ತೆ, ಕಿಟಕಿಗಳಲ್ಲಿ ಹೂವಿನ ಕುಂಡ, ಸಾಲಾಗಿ ಕಾರು. ಒಬ್ಬ ಮನುಷ್ಯನಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಜಗುಲಿಯೂ ಇಲ್ಲ, ಕೂತವರೂ ಇಲ್ಲ.

ಸೋದರಮಾವ ಬಹಳ ಹೊತ್ತು ನೋಡಿ, ತಂಗಿಯ ಕಡೆ ತಿರುಗಿದರು.

“ಊರಿಗೂರೇ ಗುಳೆ ಹೋಗೈತೆ ಕಣಮ್ಮ. ನಮ್ಮ ಪಾವಗಡದ ಕಡೆ ಬ್ಯಾಸ್ಗೇಲಿ ಹಿಂಗೇ ಅಲ್ವಾ?”

“ಇಲ್ಲ ಮಾವ, ಎಲ್ಲಾ ಮನೆ ಒಳಗಿದಾರೆ.”

“ಹಗಲೊತ್ತು ಒಳಗೇನ್ ಮಾಡ್ತಾರೆ? ನೋಡವ್ವ, ಕೆಲ್ಸ ಸಿಗ್ದೆ ಅಲ್ಲಿಯೋರೇ ಊರು ಬಿಟ್ಟೋಗವ್ರೆ. ನೀನು ಕೆಲ್ಸಕ್ಕೇಂತ ಅಲ್ಲಿಗೆ ಹೋಗ್ತೀನಿ ಅಂತೀಯ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಳೆಹಣ್ಣು ನೋಡಿದೆ.

ಮುಖವಿಲ್ಲದ ಹೆಂಗಸು

ಮುಂದಿನ ತಿರುವಿನಲ್ಲಿ ಅದೃಷ್ಟಕ್ಕೆ ನಾಯಿ ಹಿಡಿದುಕೊಂಡ ಹೆಂಗಸೊಬ್ಬಳು ಸಿಕ್ಕಿದಳು. ಆದರೆ ನಕ್ಷೆಯವರು ಅವಳ ಮುಖವನ್ನು ಮಸುಕು ಮಾಡಿದ್ದರು. ಗುರುತು ಸಿಗದಿರಲಿ ಎಂದು ಎಲ್ಲರಿಗೂ ಹಾಗೆ ಮಾಡುತ್ತಾರೆ ಎಂದು ವಿವರಿಸಿದೆ.

“ಗುರುತು ಸಿಗಬಾರ್ದು ಅನ್ನೋ ಅಂಥ ಕೆಲ್ಸ ಏನ್ ಮಾಡವ್ರೆ ಸ್ವಾಮಿ?” ಎಂದರು ಸೋದರಮಾವ.

ಇದು ಎಲ್ಲ ಕಡೆಯ ನಿಯಮ ಎಂದು ತೋರಿಸಲು ಕೊರಟಗೆರೆಯ ಬಸ್ ಸ್ಟ್ಯಾಂಡ್ ತೆರೆದೆ. ಅಲ್ಲೂ ಮುಖಗಳೆಲ್ಲ ಮಸುಕು. ಸೋದರಮಾವ ಮುಂದಕ್ಕೆ ಬಾಗಿ, ಪಂಚೆ ಕಟ್ಟಿದ ರೀತಿಯಿಂದಲೇ ಇಬ್ಬರನ್ನು ಗುರುತು ಹಿಡಿದರು. ಅವರಲ್ಲಿ ಒಬ್ಬ, ಚಿತ್ರದ ಮೂಲೆಯಲ್ಲಿ ಬರೆದಿದ್ದ ಅದೇ ತಿಂಗಳು ಆಸ್ಪತ್ರೆಯಲ್ಲಿದ್ದೇನೆಂದು ಹೇಳಿ ಇವರ ಮನೆಯ ನಾಮಕರಣ ತಪ್ಪಿಸಿಕೊಂಡವನಂತೆ. ಆ ದಿನದ ಮಿಕ್ಕ ಹೊತ್ತು ಜರ್ಮನಿಯ ಮಾತೇ ಬರಲಿಲ್ಲ.

ಗಾಜಿನೊಳಗಿನ ಬೀಸೋ ಕಲ್ಲು

ಎರಡನೆಯ ಭೇಟಿಯಲ್ಲಿ ಅಮ್ಮನಿಗೆ ಅಲ್ಲಿನ ಜನ ಹೇಗೆ ಬದುಕುತ್ತಾರೆ ಎಂದು ತಿಳಿಯಬೇಕಿತ್ತು. ಆ ಸೀಮೆಯ ಹಳ್ಳಿ ಬದುಕಿನ ಮ್ಯೂಸಿಯಂ ಒಂದನ್ನು ತೆರೆದೆ. ಪರದೆಯ ಮೇಲೇ ಕೋಣೆಯಿಂದ ಕೋಣೆಗೆ ಹೋಗಬಹುದು. ಒಂದು ಕಡೆ ಗಾಜಿನ ಪೆಟ್ಟಿಗೆ, ಒಳಗೆ ದೀಪದ ಕೆಳಗೆ ಒಂದು ಬೀಸೋ ಕಲ್ಲು, ಪೆಟ್ಟಿಗೆಗೆ ಬೀಗ.

ಅಮ್ಮನ ಮುಖ ಸಣ್ಣದಾಯಿತು. “ಅಣ್ಣ, ಊರಿಗೆಲ್ಲ ಒಂದೇ ಐತೆ. ಅದುಕ್ಕೂ ಬೀಗ.”

“ಅಮ್ಮ, ಅದು ಹಳೇ ಕಾಲದ್ದು. ಈಗ ಯಾರೂ ಬಳ್ಸಲ್ಲ.”

“ಬಳ್ಸದೆ ಇದ್ರೆ ಬೀಗ ಯಾಕೆ ಹಾಕ್ತಾರೆ, ಲೇ? ನಮ್ಮ ಹಿತ್ತಲಲ್ಲಿ ಎರಡು ಬಿದ್ದವೆ. ಹೋಗೋದೇ ಆದ್ರೆ ಒಂದು ತಗೊಂಡೋಗು. ಬರಿಗೈಲಿ ಹೋದ್ಲು ಅನ್ನುಸ್ಕೋಬಾರ್ದು.”

“ವಿಮಾನದಲ್ಲಿ ಇಪ್ಪತ್ಮೂರು ಕೆ.ಜಿ. ಮಾತ್ರ ಬಿಡೋದು.”

ಮನೆಗೆ ಹೋಗಿ ಕಲ್ಲು ತೂಗಿಸಿದರಂತೆ. ಇಪ್ಪತ್ತೆರಡು ಬಂತು.

“ಬಟ್ಟೆಗೆ ಒಂದು ಕೆ.ಜಿ. ಸಾಕಲ್ವಾ?” ಎಂದರಂತೆ ಅಮ್ಮ.

ಏನ್ ಸಾರು?

ಸೋದರಮಾವ ಮಾತ್ರ ಇನ್ನೂ ಹೂಂ ಎಂದಿರಲಿಲ್ಲ. “ನಾವು ಅವ್ರ ಊರು ನೋಡಿದ್ದಾಯ್ತು. ಈಗ ಅವ್ರು ನಮ್ಮನೆ ನೋಡ್ಬೇಕು. ಅದು ಮರ್ಯಾದೆ,” ಎಂದರು. ಗಡುವಿಗೆ ಒಂದೇ ದಿನ ಉಳಿದಿತ್ತು. ಹುಡುಗಿ ನಾಚಿಕೆ ಬಿಟ್ಟು ವೃದ್ಧಾಶ್ರಮದ ಮೇಲ್ವಿಚಾರಕಿಗೆ ಬರೆದಳು. ಆಕೆ ವಿಡಿಯೋ ಕರೆಗೆ ಒಪ್ಪಿದರು. ಅಮ್ಮ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿಸಿದರು.

ಸಂಜೆ ನನ್ನನ್ನೂ ಕರೆದಿದ್ದರು. ನರೆತ ಕೂದಲಿನ, ಗಂಭೀರ ಮುಖದ ಹೆಂಗಸು ಫೋನಿನಲ್ಲಿ ಕಾಣಿಸಿಕೊಂಡರು. ಸೋದರಮಾವ ಫೋನು ಹಿಡಿದು ಬೋರ್‌ವೆಲ್ ತೋರಿಸಿದರು, ಕೊಟ್ಟಿಗೆ ತೋರಿಸಿದರು, ಎಮ್ಮೆಯ ಹಲ್ಲು ತೋರಿಸಿದರು. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿ, ಚೆನ್ನಾಗಿದೆ ಎಂದರು. ಹುಡುಗಿ ಮಧ್ಯೆ ನಿಂತು ಅನುವಾದ ಮಾಡುತ್ತಿದ್ದಳು. ಕೊನೆಗೆ ಆಕೆ, ತಾಯಿಯವರು ಏನಾದರೂ ಕೇಳುವುದಿದೆಯೇ ಎಂದರು.

ಸಂಬಳ, ರಜೆ, ಚಳಿ, ಏನು ಬೇಕಾದರೂ ಕೇಳಬಹುದಿತ್ತು.

“ರಾತ್ರಿಗೆ ಏನ್ ಸಾರು?” ಎಂದರು ಅಮ್ಮ.

ಆಕೆ ಯೋಚಿಸಿ, ಪ್ರಾಮಾಣಿಕವಾಗಿ ಉತ್ತರಿಸಿದರು: ರಾತ್ರಿ ನಾವು ಅಡುಗೆ ಮಾಡುವುದಿಲ್ಲ, ಬ್ರೆಡ್ಡು, ಚೀಸು ತಣ್ಣಗೇ ತಿನ್ನುತ್ತೇವೆ.

“ವಯಸ್ಸಾದೋರೂವೆ?”

ಅವರೂ ಅಷ್ಟೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅಣ್ಣನ ಕಡೆ ತಿರುಗಿ, “ಕಳ್ಸಿಬುಡಣ್ಣ, ಪಾಪ ಆ ಮುದುಕ್ರಿಗೆ ಬಿಸಿ ಸಾರಾದ್ರೂ ಸಿಗ್ಲಿ. ಆದ್ರೆ ನಮ್ಮುಡ್ಗಿ ಹಾಸ್ಟೆಲ್ಲಲ್ಲಿ ಬೆಳ್ದವ್ಳು, ಸಾರು ಮಾಡೋಕೆ ಬರಲ್ಲ ಅಂತ ಈಗ್ಲೇ ಹೇಳ್ಬುಡ್ಲಿ. ಆಮೇಲೆ ಹೆತ್ತೋರು ಮುಚ್ಚಿಟ್ರು ಅಂತ ಮಾತು ಬರಬಾರ್ದು,” ಎಂದರು.

ಹುಡುಗಿ ತನ್ನ ಮೇಲಿನ ದೂರನ್ನು ತಾನೇ ಜರ್ಮನ್ ಭಾಷೆಗೆ ಅನುವಾದಿಸಿದಳು. ಆಕೆ ಅದನ್ನು ಗಂಭೀರವಾಗಿ ಕೇಳಿಸಿಕೊಂಡು, ಕೆಲಸಕ್ಕೆ ಅದು ಅಡ್ಡಿಯಿಲ್ಲ ಎಂದರು.

“ಅವ್ರಿಗೆ ಅಡ್ಡಿ ಇಲ್ದೆ ಇರ್ಬೋದು,” ಎಂದರು ಸೋದರಮಾವ. “ನಮಗೈತೆ.”

ಆ ರಾತ್ರಿಯೇ ಒಪ್ಪಿಗೆ ಹೋಯಿತು; ಹೊರಡುವ ದಿನವನ್ನು ಮಾತ್ರ ಸೋದರಮಾವ ತಮ್ಮ ಕೈಯಲ್ಲಿಟ್ಟುಕೊಂಡರು. ಜರ್ಮನ್ ಭಾಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದ ಹುಡುಗಿ ಹುರುಳಿ ಸಾರಿನಲ್ಲಿ ಎರಡು ಸಲ ಫೇಲಾದಳು. ಮೂರನೆಯ ಸಲ ಸೋದರಮಾವ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಟಿಕೆಟ್ ತೆಗೆದೆವು.