ಇಂಗ್ಲಿಷ್ ಪೇಪರಿನ ಹರಕೆ

ಏಕೀಕರಣವಾದ ಮೇಲಿನ ಎರಡನೆಯ ಬೇಸಿಗೆ. ಸೋಮವಾರ, ಬೆಳಗಿನ ಆರು ಗಂಟೆ. ಸ್ಥಳ: ಗದಗ ಸ್ಟೇಶನ್ನು. ಹಾಜರಿದ್ದವರು: ನಮ್ಮ ಕಾಕಾ, ಅವನ ತಾಯಿ ಅಂದರೆ ನಮ್ಮ ಆಯಿ, ನಾನು, ಮತ್ತು ನನ್ನ ಹೆಗಲ ಮೇಲೊಂದು ಭಾರದ ಚೀಲ. ಚೀಲವನ್ನು ನಾನೇ ಹೊರಬೇಕೆಂದು ಪರೀಕ್ಷೆಯ ಪೇಪರಿನಲ್ಲಿ ಬರೆದಾಗಿತ್ತು! ಗಾಬರಿಯಾಗಬೇಡಿ. ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲ.

ಇಂಗ್ಲಿಷ್ ಬಾರದೆ ಇಂಗ್ಲಿಷಿನಲ್ಲಿ ನಪಾಸಾದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಇಂಗ್ಲಿಷ್ ಚೆನ್ನಾಗಿ ಬಂದೂ, ಸುಳ್ಳು ಹೇಳಲು ಬಾರದೆ ನಪಾಸಾದವನನ್ನು ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬನಿದ್ದ.

ಕಾಕಾ ನಮ್ಮ ಅಪ್ಪನ ಕೊನೆಯ ತಮ್ಮ; ವಯಸ್ಸಿನಲ್ಲಿ ನನಗಿಂತ ತುಸುವೇ ದೊಡ್ಡವನು. ಮುಂಡರಗಿಯಲ್ಲಿ ನಮ್ಮದು ಗುಡಿಯ ಪೂಜೆಯ ಮನೆತನ. ಅಜ್ಜ ಬೇಗ ತೀರಿಕೊಂಡದ್ದರಿಂದ, ಕಾಕಾ ಮಂತ್ರ ಕಲಿಯುವಾಗ ಪಕ್ಕದಲ್ಲಿ ಕಾವಲು ಕೂತವಳು ಆಯಿ. "ಸುಳ್ಳ ಹೇಳಿದ ನಾಲಗಿಲೆ ಮಂತ್ರ ಹೇಳಬ್ಯಾಡ, ದೇವ್ರು ಕಿವಿ ಮುಚ್ಕೋತಾನ" ಅಂದಿದ್ದಳು. ಬೇರೆ ಹುಡುಗರು ಇಂಥದ್ದನ್ನು ಕೇಳಿ ಮರೆಯುತ್ತಾರೆ. ಕಾಕಾ ಮರೆಯಲಿಲ್ಲ. ಅದೇ ಫಜೀತಿ!

ಗದಗಿನಲ್ಲಿ ಹೊಸದಾಗಿ ಕಾಲೇಜು ಶುರುವಾದಾಗ ಇಬ್ಬರೂ ಒಂದೇ ವರ್ಗಕ್ಕೆ ಸೇರಿ, ಬೆಟಗೇರಿಯ ನೇಕಾರರ ಓಣಿಯಲ್ಲಿ ಖೋಲಿ ಹಿಡಿದೆವು. ವಾರಕ್ಕೊಮ್ಮೆ ಇಂಗ್ಲಿಷ್ ಪ್ರಬಂಧದ ತಾಸು. ಮೊದಲ ವಾರವೇ ಪ್ರೊಫೆಸರರು ಹಲಗೆಯ ಮೇಲೆ ವಿಷಯ ಬರೆದರು: 'ಹಳೆಯ ಛತ್ರಿಯ ಆತ್ಮಕಥೆ'. ಕಾಕಾ ಎದ್ದು ನಿಂತ.

"ಸರ, ನಾ ಛತ್ರಿ ಅಲ್ರಿ."

"ಒಂದ ತಾಸು ಆಗೋ ಮಾರಾಯಾ. ಎಲ್ಲಾರೂ ಆಗ್ಯಾರ ನೋಡು."

"ಆಗಾಕ ಅಡ್ಡಿಯಿಲ್ರಿ. ಆದ್ರ ನಾ ಛತ್ರಿ ಆದಮ್ಯಾಲ ಪೆನ್ನು ಹಿಡಿಯಾವ್ರು ಯಾರ್ರಿ?"

ಛತ್ರಿಗಳಾಗಿ ಕೂತಿದ್ದ ನಾವೆಲ್ಲ ಘೊಳ್ಳೆಂದು ನಕ್ಕೆವು. ಪ್ರೊಫೆಸರರು ಮಾತ್ರ ಮಡಿಚಿಕೊಂಡುಬಿಟ್ಟರು.

ಮುಂದಿನ ವಿಷಯ 'ಬೆಂಕಿ ಹತ್ತಿದ ಮನೆ'. ನೋಡದೆ ಬರೆಯುವುದು ಹೇಗೆ? ಕಾಕಾ ಕಾಲೇಜು ಬಿಟ್ಟ ಕೂಡಲೇ ಕಟ್ಟೆಯ ಮೇಲೆ ಪೆನ್ಸಿಲ್ ಹಿಡಿದು ಕೂತು, ಎದುರು ಮನೆಯನ್ನೇ ದಿಟ್ಟಿಸತೊಡಗಿದ. ಆ ಮನೆಯ ಶಂಕ್ರವ್ವ ಎರಡು ದಿನ ತಾಳಿದಳು. ಮೂರನೆಯ ದಿನ ಸೊಂಟಕ್ಕೆ ಕೈಯಿಟ್ಟು ಬಂದಳು.

"ಏನೋ ತಮ್ಮಾ, ನಮ್ಮನಿ ಕಡಿ ಹಿಂಗ್ಯಾಕ ನೋಡಾಕತ್ತಿ? ಒಳಗ ಹೆಣ್ಣ ಹುಡುಗ್ಯಾರಿಲ್ಲ. ನಾನು, ನನ್ನ ಮಗ್ಗ, ಅಷ್ಟ."

'ಗಾಳಿಗೆ ಕೂತೀನ್ರಿ' ಎಂದಿದ್ದರೆ ಮುಗಿಯುತ್ತಿತ್ತಲ್ಲ! ಅನ್ನಬೇಕಲ್ಲ ಪುಣ್ಯಾತ್ಮ?

"ಹಂಗೇನಿಲ್ರಿ ಅಕ್ಕಾರ. ನಿಮ್ಮ ಮನಿಗೆ ಬೆಂಕಿ ಹತ್ತತೈತೇನು ಅಂತ ಕಾಯಾಕತ್ತೀನ್ರಿ."

ಮರುದಿನ ಓಣಿಯ ಬಾಗಿಲು ಬಾಗಿಲಿಗೂ ತುಂಬಿದ ಕೊಡಗಳು ನಿಂತಿದ್ದವು. ನಮ್ಮ ಬಾಗಿಲಿಗೆ ಮಾಲೀಕ ನಿಂತಿದ್ದ. ಸಂಜೆಯೊಳಗೆ ನಾವು ಬೇರೆ ಓಣಿಯಲ್ಲಿದ್ದೆವು.

ಇಂಟರ್ ಪರೀಕ್ಷೆಯಲ್ಲಿ 'ವಿಮಾನ ಪ್ರಯಾಣ' ಬಂತು. ನಾನು ಮುಂಬಯಿಗೆ ಹಾರಿದೆ, ಕಿಟಕಿಯಿಂದ ಕೈಹಾಕಿ ಮೋಡ ಮುಟ್ಟಿದೆ, ಪಾಸಾದೆ. ಕಾಕಾ 'ವಿಮಾನವನ್ನು ನಾನು ಕೆಳಗಿನಿಂದ ಮಾತ್ರ ನೋಡಿದ್ದೇನೆ' ಎಂದು ಶುರುಮಾಡಿ, ಅದರ ಹೊಟ್ಟೆಯನ್ನೇ ಪುಟಗಟ್ಟಲೆ ವರ್ಣಿಸಿ ಬಂದ. ನಪಾಸು!

ಅಪ್ಪ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದ ಸಲ ಪರೀಕ್ಷೆಕ್ಕ ಕೂಡು. ಪಾಸಾದ್ರ ಶಿರಹಟ್ಟಿ ಹೈಸ್ಕೂಲಿನ್ಯಾಗ ಮಾಸ್ತರಕಿ ಐತಿ. ಇಲ್ಲಂದ್ರ ಪುಸ್ತಕ ಕಟ್ಟಿಟ್ಟು ಗುಡಿ ಗಂಟಿ ಬಾರಸು."

ಕಾಕಾನಿಗೋ ಮಾಸ್ತರನಾಗುವ ಹುಚ್ಚು. ಕಟ್ಟಿದ ಕರುವಿಗೂ ಮಗ್ಗಿ ಹೇಳಿಕೊಡುತ್ತಿದ್ದವನು ಅವನು. ಊಟ ಬಿಟ್ಟು ಮೂಲೆ ಹಿಡಿದ. ರೊಟ್ಟಿ ಬಡಿಯುತ್ತಿದ್ದ ಆಯಿ ಕೈ ನಿಲ್ಲಿಸದೆ ಕೇಳಿದಳು:

"ಅವ್ರು ನಿನ್ನ ಕೇಳೂದರ ಏನೋ?"

"ನೋಡಲಾರದ್ದನ್ನ ನೋಡೇನಿ ಅಂತ ಬರಿ ಅಂತಾರವ್ವಾ."

"ಬರಿ. ಆಮ್ಯಾಲ ಹೋಗಿ ನೋಡು. ಹರಕಿ ಹೊತ್ತಂಗ. ಮೊದಲ ಬಾಯಿಲೆ ಆಡೂದು, ಆಮ್ಯಾಲ ಮುಟ್ಟಸೂದು. ಮುಟ್ಟಿಸಿದ್ರ ಅದು ಸುಳ್ಳ ಹ್ಯಾಂಗಾಗತೈತಿ?"

ಕಾಕಾ ಮೂಲೆಯಿಂದ ತಲೆಯೆತ್ತಿದ. "ಛತ್ರಿ ಆಗು ಅಂದ್ರ?"

"ಅದು ಮುಟ್ಟಸಾಕ ಆಗಂಗಿಲ್ಲ. ಆ ಪ್ರಶ್ನಿ ಬಿಟ್ಟಬಿಡು. ಈಗ ಉಣ್ಣೇಳು."

ಎರಡನೆಯ ಸಲ ಬಂದ ವಿಷಯ 'ಸಮುದ್ರ ದಂಡೆಯಲ್ಲಿ ಒಂದು ಸಂಜೆ'. ಹೊರಗೆ ಕಾಯುತ್ತಿದ್ದ ನನ್ನ ಮುಂದೆ ಕಾಕಾ ಬೆವರಿಳಿಸಿಕೊಂಡು ಬಂದು ನಿಂತ.

"ಅವ್ವನ್ನ ಕಾರವಾರಕ್ಕ ಕರಕೊಂಡು ಹೋದ್ನೆಪಾ. ಸೂರ್ಯ ಮುಳುಗಾಕತ್ತಿದ್ದ. ಅವ್ವ ನೀರಾಗ ನಿಂತು ಸಣ್ಣ ಹುಡುಗಿಹಂಗ ನಕ್ಕಳು. ನೀನೂ ಇದ್ದಿ. ಚೀಲ ಹೊತ್ತಿದ್ದಿ."

"ನಾ ಯಾಕ ಹೊರಬೇಕೋ?"

"ಬರದಾಗೇತಿ. ಇನ್ನ ತಿದ್ದಾಕ ಬರಂಗಿಲ್ಲ."

ಪಾಸಾದ. ಶಿರಹಟ್ಟಿಯಲ್ಲಿ ಮಾಸ್ತರನೂ ಆದ. ಆದರೆ ಹರಕೆ ಮುಟ್ಟಿಸುವ ತನಕ ನಿದ್ದೆ ಬರಬೇಕಲ್ಲ? ಮೊದಲ ಬೇಸಿಗೆ ರಜೆಗೇ ನಮ್ಮನ್ನು ಹೊರಡಿಸಿದ. ಚೀಲದ ರಹಸ್ಯ ಇಷ್ಟೇ.

ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಪೇಪರಿನಲ್ಲಿ ಸುಖವಾಗಿ ಓಡಿದ್ದ ಬಸ್ಸು ನಿಜದ ಘಟ್ಟದಲ್ಲಿ ಕೆಟ್ಟು ನಿಂತಿತು. ಕಾಕಾ ಡ್ರೈವರನ ಬೆನ್ನು ಹತ್ತಿದ. "ಜಲ್ದಿ ಮಾಡ್ರಿ! ಸೂರ್ಯ ಮುಳುಗೂದ್ರಾಗ ಮುಟ್ಟತೀವಿ ಅಂತ ಬರಕೊಟ್ಟೀನ್ರಿ."

"ಯಾರಿಗಿ?"

"ಯುನಿವರ್ಸಿಟಿಗಿ!"

ಯುನಿವರ್ಸಿಟಿ ಎಂದರೆ ದೊಡ್ಡ ಸಾಹೇಬರಿರಬೇಕೆಂದು ಡ್ರೈವರ್ ಹೆದರಿದನೋ ಏನೋ, ಸೂರ್ಯ ಇನ್ನೂ ಒಂದಾಳು ಎತ್ತರ ಇರುವಾಗಲೇ ಕಾರವಾರ ಮುಟ್ಟಿದೆವು.

ಆಯಿ ಸೀರೆಯ ಅಂಚು ಎತ್ತಿ ಹಿಡಿದು ನೀರಿಗಿಳಿದಳು. ನಿಂತಳು. ನಗಲಿಲ್ಲ.

"ನಗಬೇಕವ್ವಾ" ಎಂದು ಕಾಕಾ ಪಿಸುಗುಟ್ಟಿದ. "ನೀ ನಕ್ಕಿ ಅಂತ ಬರದೇನಿ."

ಆಯಿ ತಿರುಗಿದಾಗ ಕಣ್ಣು ತುಂಬಿದ್ದವು. "ಲಗ್ನ ಆದ ಹೊಸದ್ರಾಗ ನಿಮ್ಮಪ್ಪನೂ ಅಂದಿದ್ರೋ, ಒಮ್ಮಿ ಸಮುದ್ರ ತೋರಸ್ತೀನಿ ಅಂತ. ದಿನಾ ಗುಡಿ ಪೂಜಿ ಬಿಟ್ಟು ಬರಾಕ ಆಗಲಿಲ್ಲ. ಅವರ ಮಾತೂ ಇವತ್ತ ಮುಟ್ಟಿತು."

ಕಾಕಾ ಅಲ್ಲೇ ಅಲೆಯಲ್ಲಿ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ತೆರೆ ಅವನ ಹೊಸ ಕೋಟನ್ನೂ ಟೊಪ್ಪಿಗೆಯನ್ನೂ ಒದ್ದೆ ಮಾಡಿ ಹೋಯಿತು. ಅದನ್ನು ನೋಡಿ ಆಯಿಗೆ ನಗು ತಡೆಯಲಾಗಲಿಲ್ಲ. "ಏಳೋ ಮಾಸ್ತರಾ, ಹುಡುಗೂರು ನೋಡಿದ್ರ ಏನಂದಾರು!" ಅಂದವಳು, ಸಣ್ಣ ಹುಡುಗಿಯ ಹಾಗೆ ನಗುತ್ತಲೇ ಇದ್ದಳು.

ಕತ್ತಲಾಗುವ ಮೊದಲು ಛತ್ರಕ್ಕೆ ಬಂದೆವು. ನಾನು ಚೀಲ ಇಳಿಸಿದೆ. ಕಾಕಾ ಒದ್ದೆ ಕೋಟನ್ನು ಗೂಟಕ್ಕೆ ಹಾಕಿ, ಬಾವಿಯಿಂದ ಒಂದು ತಂಬಿಗೆ ಸಿಹಿನೀರು ತಂದು, ಆಯಿಯನ್ನು ಕಟ್ಟೆಯ ಮೇಲೆ ಕೂರಿಸಿ, ಅವಳ ಕಾಲಿಗೆ ಹತ್ತಿದ್ದ ಉಸುಕನ್ನು ಬೆರಳ ಸಂದಿಯಿಂದೆಲ್ಲ ತೊಳೆದ. ಆ ದಿನದ ಕೆಲಸಗಳಲ್ಲಿ ಅದೇ ಕೊನೆಯದು. ಪೇಪರಿನಲ್ಲಿ ಅದು ಇರಲಿಲ್ಲ.