ಕಾರಣ ತಿಳಿಯದ ನಿದ್ದೆ ಮತ್ತು ವಾಚ್‌ಮನ್ ಮಂಚ

ರಾತ್ರಿ ಒಂಬತ್ತು ಗಂಟೆ ಕಾಲ ಗಡದ್ದಾಗಿ ಮಲಗಿಯೂ ಹಗಲೆಲ್ಲ ತೂಕಡಿಸುವ ಹೆಂಗಸನ್ನು ಅವಮಾನಗಳು ಹುಡುಕಿಕೊಂಡು ಬರುತ್ತವೆ. ನನಗಂತೂ ಭದ್ರಾವತಿಯ ಜನ್ನಾಪುರದ ಮನೆಯಿಂದ ಶಿವಮೊಗ್ಗದ ಕಚೇರಿ ಮುಟ್ಟುವುದರೊಳಗೇ ಒಂದೆರಡು ಆಗಿರುತ್ತವೆ.

೧. ಬಸ್ಸಿನಲ್ಲಿ

ಸೀಟು ಸಿಕ್ಕರೆ ಸಾಕು, ಕಣ್ಣು ಎಳೆಯುತ್ತದೆ. ವಿದ್ಯಾನಗರದಲ್ಲಿ ಇಳಿಯಬೇಕಾದವಳು ಎಷ್ಟೋ ಸಲ ಬಸ್ ಸ್ಟ್ಯಾಂಡಿನಲ್ಲಿ ಎದ್ದು, ವಾಪಸ್ ಆಟೋ ಹಿಡಿದಿದ್ದೇನೆ. ಸ್ವಲ್ಪ ಎಬ್ಬಿಸಪ್ಪ ಎಂದು ಕಂಡಕ್ಟರ್‌ಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ತುಂಬಿದ ಬಸ್ಸಿನಲ್ಲಿ "ನಿದ್ದೆ ಮೇಡಂ, ವಿದ್ಯಾನಗರ ಬಂತು" ಎಂದು ಕೂಗುತ್ತಾನೆ. ಒಂದು ದಿನ ಅಪರೂಪಕ್ಕೆ ಎಚ್ಚರವಾಗಿಯೇ ಬಾಗಿಲ ಬಳಿ ನಿಂತಿದ್ದೆ. ಅದಕ್ಕೂ ಬೈಸಿಕೊಂಡೆ.

"ಎದ್ದಿದೀನಿ ಅಂತ ಮೊದ್ಲೇ ಹೇಳ್ಬಾರ್ದಾ ಮೇಡಂ? ಸುಮ್ನೆ ಗಂಟಲು ಹರ್ಕೊಂಡೆ."

೨. ನೋಟಿಸ್

ಕಡತದ ಮೇಲೆ ತಲೆಯಿಟ್ಟು ಮಲಗಿದ್ದನ್ನು ಮ್ಯಾನೇಜರ್ ಮೂರು ಸಲ ಕಂಡರು. ಕಾರಣ ಕೇಳಿ ನೋಟಿಸ್ ಬಂತು. ಸರಿಯಾದ ಉತ್ತರ ಕೊಡದಿದ್ದರೆ ಅಮಾನತು. ಹತ್ತೊಂಬತ್ತು ವರ್ಷದ ಸರ್ವಿಸ್ಸಿನಲ್ಲಿ ಒಂದು ಕಡತವನ್ನೂ ಬಾಕಿ ಇಟ್ಟವಳಲ್ಲ ನಾನು.

ಮನೆಯಲ್ಲಿ ಅತ್ತೆ ಆಗಲೇ ರೋಗ ಪತ್ತೆ ಮಾಡಿದ್ದರು. ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ, ಬರೀ ಸೋಮಾರಿತನ ಮಾರಾಯ್ತಿ ಎಂದರು. ಅಷ್ಟು ಹೇಳಿ ಮುಗಿಸಿ, ಟಿ.ವಿ. ಮುಂದೆ ಕೂತಲ್ಲೇ ಗೊರಕೆ ಹೊಡೆದರು.

೩. ಪರೀಕ್ಷೆ

ಕೊನೆಗೆ ಆಸ್ಪತ್ರೆಗೆ ಹೋದೆ. ಹಗಲುನಿದ್ದೆಯಲ್ಲೂ ಪಂಗಡಗಳಿವೆ ಎಂದು ಡಾಕ್ಟರು ಹೇಳಿದರು. ಮಲಗಿದಾಗ ಉಸಿರು ಕಟ್ಟಿ, ರಾತ್ರಿ ನಿದ್ದೆ ಕೆಡುವವರದು ಒಂದು. ಹಗಲಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಎರಗುವ ನಾರ್ಕೊಲೆಪ್ಸಿ ಇನ್ನೊಂದು. ಅದರಲ್ಲಿ ಕೆಲವರಿಗೆ ಜೋರಾಗಿ ನಕ್ಕರೆ ಮಂಡಿಯೇ ಕುಸಿಯುತ್ತದಂತೆ. ನಿಮಗೆ ಹಾಗಾಗುತ್ತಾ ಎಂದು ಕೇಳಿದರು. ನೋಟಿಸ್ ಬಂದ ಮೇಲೆ ನಾನು ನಕ್ಕೇ ಇಲ್ಲ ಎಂದೆ.

ತಲೆಗೆ ವೈರು ಅಂಟಿಸಿ, ರಾತ್ರಿಯೆಲ್ಲ ಉಸಿರಾಟ ನೋಡಿ, ಮಾರನೇ ಹಗಲಲ್ಲಿ ಎರಡೆರಡು ಗಂಟೆಗೊಮ್ಮೆ ಮಲಗಿಸಿದರು. ಐದು ಸಲವೂ ಬೇಗನೆ ನಿದ್ದೆ ಹೋದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ನಿದ್ದೆಗೆ ಮರ್ಯಾದೆ ಸಿಕ್ಕಿತು ಎಂದುಕೊಂಡರೆ, ನಡುವೆ ಕಣ್ಣು ಮುಚ್ಚಿದಾಗಲೆಲ್ಲ ನರ್ಸಮ್ಮ ಭುಜ ತಟ್ಟುತ್ತಿದ್ದರು.

"ಇದು ನಿದ್ದೆ ಮಾಡೋ ಟೈಮ್ ಅಲ್ಲ ಕಣಮ್ಮ."

೪. ಉತ್ತರ

ಆ ಎರಡೂ ಅಲ್ಲ ಎಂದು ಖಾತ್ರಿಯಾದ ಮೇಲೆ 'ಕಾರಣ ತಿಳಿಯದ ಅತಿನಿದ್ರೆ' ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ನಿಜವಾದ ಕಾಯಿಲೆ, ರೋಗಗಳ ಪಟ್ಟಿಯಲ್ಲಿ ಅದಕ್ಕೆ ತನ್ನದೇ ನಂಬರ್ ಇದೆ. ಹೆಮ್ಮೆಯಿಂದ ತಂದು ಮ್ಯಾನೇಜರ್ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ನಾವು ಕಾರಣ ಕೇಳಿದ್ವಿ. ಇವ್ರು ಕಾರಣ ಗೊತ್ತಿಲ್ಲ ಅಂತ ಬರ್ದಿದಾರಲ್ರೀ?"

೫. ಮಂಚ

ನಾನೂ ಬಿಡಲಿಲ್ಲ. ಸರ್ಟಿಫಿಕೇಟ್ ಹಿಡಿದು ಮೇಲಧಿಕಾರಿಯವರೆಗೂ ಹೋದೆ. ನೋಟಿಸ್ ರದ್ದಾಯಿತು. ಅಷ್ಟೇ ಅಲ್ಲ, ಊಟವಾದ ಮೇಲೆ ಅರ್ಧ ಗಂಟೆ ರೆಕಾರ್ಡ್ ರೂಮಿನಲ್ಲಿರುವ ವಾಚ್‌ಮನ್ ಮಂಚದಲ್ಲಿ ಮಲಗಬಹುದು ಎಂದು ಲಿಖಿತ ಆದೇಶವೂ ಆಯಿತು.

ಮಾರನೇ ದಿನ ಆದೇಶದ ಪ್ರತಿ ಹಿಡಿದು ಗತ್ತಿನಲ್ಲಿ ಹೋದೆ. ಮಂಚದ ಮೇಲೆ ಮ್ಯಾನೇಜರ್ ಕಾಲು ಚಾಚಿ ಮಲಗಿದ್ದಾರೆ! ಮೈಯೆಲ್ಲ ಉರಿದುಹೋಯಿತು. ನನಗೆ ನೋಟಿಸ್ ಕೊಟ್ಟ ಮನುಷ್ಯ. ಎಬ್ಬಿಸಿ, ಆದೇಶವನ್ನು ಮುಖದ ಮುಂದೆ ಹಿಡಿದೆ. ಅವರು ಒಂದೇ ಕಣ್ಣು ತೆರೆದು ಪೂರ್ತಿ ಓದಿದರು, ಕಾಗದ ಮಡಚಿ ನನ್ನ ಕೈಗೇ ಕೊಟ್ಟರು, ಮಗ್ಗುಲು ಬದಲಿಸಿದರು.

"ಮೇಡಂ, ನಿಮ್ಗೆ ಕಾಯಿಲೆ ಇದೆ, ಕುರ್ಚಿ ಮೇಲಾದ್ರೂ ನಿದ್ದೆ ಬರುತ್ತೆ. ನಾವು ಆರೋಗ್ಯವಾಗಿರೋರು, ಮಂಚ ಇಲ್ದೆ ಆಗಲ್ಲ."